ಕನ್ನಡ ವೆಬ್‌ಕಾಮಿಕ್ ಎಲ್ಲಿ ಹಾಕೋದು? ನಾಲ್ಕೂ ಕಡೆ ಹಾಕಿ ನೋಡಿದ ಮೇಲೆ

ತೀರ್ಥಹಳ್ಳಿಯಿಂದ ಹೊರಟು, ಆಗುಂಬೆ ಘಾಟಿ ಇಳಿದು, ಹೆಬ್ರಿ ಮೇಲೆ ಉಡುಪಿಗೆ ಹೋಗುವ ಒಂದು ಮಿನಿ ಬಸ್ಸು. ಅದರ ಕಂಡಕ್ಟರು. ದಿನಾ ಅದೇ ಬಸ್ಸು ಹತ್ತುವ ಒಬ್ಬರು ನಿವೃತ್ತ ಮೇಷ್ಟ್ರು. ನನ್ನ ಕಾಮಿಕ್ ಅಂದರೆ ಇಷ್ಟೇ. ವಾರಕ್ಕೊಂದು ಕಂತು ಬರೆಯುತ್ತೇನೆ. ಒಂದೂವರೆ ವರ್ಷದಿಂದ ಅದನ್ನು ಇನ್‌ಸ್ಟಾಗ್ರಾಂ, ವೆಬ್‌ಟೂನ್ ಕ್ಯಾನ್ವಾಸ್ ಅನ್ನುವ ಕಾಮಿಕ್ ತಾಣ, ನನ್ನದೇ ಸೈಟು, ವಾಟ್ಸ್‌ಆ್ಯಪ್ ಚಾನೆಲ್, ನಾಲ್ಕೂ ಕಡೆ ಹಾಕಿ ನೋಡಿದ್ದೇನೆ. ಚಿತ್ರ ಬರೆಯುವ ಗೆಳೆಯರು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಮಾತು: ‘ಕನ್ನಡದಲ್ಲಿ ಬರೆದರೆ ಎಲ್ಲಿ ಹಾಕೋದು?’

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕಾಮಿಕ್ಕಿನ ಮನೆ ಸ್ವಂತ ಸೈಟಿನಲ್ಲಿರಲಿ. ಜನರನ್ನು ಕರೆಯುವುದು ವಾಟ್ಸ್‌ಆ್ಯಪ್‌ನಲ್ಲಿ. ಉಳಿದೆರಡನ್ನೂ ಬಿಡಬೇಡಿ, ಆದರೆ ಅವನ್ನೇ ನಂಬಿ ಕೂರಬೇಡಿ. ಇದು ನನಗೆ ಮನದಟ್ಟಾಗಿದ್ದು ಘಾಟಿ ಇಳಿಯುವ ಕಂತಿನಿಂದ.

ಆಗುಂಬೆ ಘಾಟಿಯಲ್ಲಿ 14 ತಿರುವು. ಒಂದೊಂದು ತಿರುವಿಗೆ ಒಂದೊಂದು ಚಿತ್ರ ಬರೆದೆ. ಮೇಲೆ ಮಂಜು, ಇಳಿಯುತ್ತಾ ಇಳಿಯುತ್ತಾ ಬಿಸಿಲು. ಮೊದಲ ತಿರುವಿನಲ್ಲಿ ಮೇಷ್ಟ್ರು ಸ್ವೆಟರ್ ಹಾಕಿಕೊಂಡು ಮುದುರಿ ಕೂತಿರುತ್ತಾರೆ. ಏಳನೆಯದರಲ್ಲಿ ಗುಂಡಿ ಬಿಚ್ಚುತ್ತಾರೆ. ಸೋಮೇಶ್ವರ ಮುಟ್ಟುವ ಹೊತ್ತಿಗೆ ಸ್ವೆಟರ್ ಮಡಿಚಿ ಚೀಲಕ್ಕೆ ಹಾಕಿ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾರೆ. ಇಡೀ ಕಂತಿನಲ್ಲಿ ಎರಡೇ ಮಾತು. ಮೇಲೆ ಕಂಡಕ್ಟರ್ ‘ರೈಟ್, ಹೋಗ್ಲಿ’ ಅನ್ನುತ್ತಾನೆ. ಕೆಳಗೆ ಇಳಿದ ಮೇಲೆ ಅವನೇ ‘ರೈಟ್, ಪೋಯಿ’ ಅನ್ನುತ್ತಾನೆ. ಘಾಟಿಯ ಜೊತೆ ಭಾಷೆಯೂ ಇಳಿದು ತುಳುನಾಡು ಸೇರಿತು, ಅಷ್ಟೇ ಕತೆ.

ಈ ಕಂತು ವೆಬ್‌ಟೂನ್‌ನಲ್ಲಿ ಕೂತಷ್ಟು ಚೆನ್ನಾಗಿ ಬೇರೆಲ್ಲೂ ಕೂರಲಿಲ್ಲ. ದಕ್ಷಿಣ ಕೊರಿಯಾದ ನೇವರ್ ಕಂಪನಿ 2004ರಲ್ಲಿ ಶುರು ಮಾಡಿದ ವೆಬ್‌ಟೂನ್ ಇಂಗ್ಲಿಷಿಗೆ ಬಂದಿದ್ದು 2014ರಲ್ಲಿ. ಅಲ್ಲಿ ಕ್ಯಾನ್ವಾಸ್ ಅನ್ನುವ ಭಾಗ ಎಲ್ಲರಿಗೂ ತೆರೆದಿದೆ, ಯಾರು ಬೇಕಾದರೂ ಹಾಕಬಹುದು. ಚಿತ್ರದ ಅಗಲ 800 ಪಿಕ್ಸೆಲ್. ಉದ್ದಕ್ಕೆ ತುಂಡು ತುಂಡಾಗಿ ಜೋಡಿಸಿದರೂ ಓದುವವರಿಗೆ ಒಂದೇ ಪಟ್ಟಿಯಾಗಿ ಕಾಣುತ್ತದೆ. ಬೆರಳು ಕೆಳಗೆ ಎಳೆದ ಹಾಗೆಲ್ಲ ಬಸ್ಸೂ ಕೆಳಗೆ ಇಳಿಯುತ್ತದೆ. ಎರಡು ಚಿತ್ರಗಳ ನಡುವೆ ಬಿಡುವ ಖಾಲಿ ಜಾಗವೇ ಅಲ್ಲಿ ಹೊತ್ತು. ಹತ್ತನೇ ತಿರುವಿನ ನಂತರ ಒಂದು ಪರದೆಯಷ್ಟು ಬರೀ ಬಿಳಿ ಮಂಜು ಬಿಟ್ಟೆ, ಓದುವವರು ಒಂದು ಕ್ಷಣ ಉಸಿರು ಹಿಡಿಯಲಿ ಅಂತ. ಪುಸ್ತಕದ ಪುಟದಲ್ಲಿ ಇದನ್ನು ಮಾಡಲು ಆಗುವುದೇ ಇಲ್ಲ. ಲಂಬವಾಗಿ ಕತೆ ಹೇಳುವುದನ್ನು ಕಲಿಯಬೇಕು ಅನ್ನುವವರು ಆರು ತಿಂಗಳಾದರೂ ಅಲ್ಲಿ ಹಾಕಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ಅಲ್ಲಿ ಕನ್ನಡ ಅಂತ ಭಾಷೆಯ ವಿಭಾಗವೇ ಇಲ್ಲ. ಇಂಗ್ಲಿಷ್ ಸಾಲಿನಲ್ಲೇ ಹಾಕಬೇಕು. ಅಲ್ಲಿಗೆ ಬರುವವರು ಹುಡುಕುವುದು ಇಂಗ್ಲಿಷ್ ಕತೆ, ಕನ್ನಡ ಓದುವವರಿಗೆ ಅಲ್ಲಿ ಹುಡುಕುವ ಅಭ್ಯಾಸವೇ ಇಲ್ಲ. ಎರಡೇ ಮಾತಿನ ಘಾಟಿ ಕಂತನ್ನು ಯಾವ್ಯಾವುದೋ ದೇಶದವರು ಮೆಚ್ಚಿದರು. ಮಾತೇ ಮುಖ್ಯವಾದ, ಚಿಲ್ಲರೆ ಕಾಸಿನ ಜಗಳದ ಕಂತಿಗೆ ಒಬ್ಬರೂ ಇಲ್ಲ.

ಇನ್‌ಸ್ಟಾಗ್ರಾಂನಲ್ಲಿ ಇದರ ಉಲ್ಟಾ. ಕನ್ನಡದವರು ಅಲ್ಲಿ ಬೇಕಾದಷ್ಟು ಇದ್ದಾರೆ. ಚಿಲ್ಲರೆ ಜಗಳ, ಸೀಟು ಹಿಡಿಯಲು ಕಿಟಕಿಯಿಂದ ಕರ್ಚೀಫ್ ಹಾಕುವುದು, ಇಂಥ ನಾಲ್ಕು ಚೌಕದ ಕಂತುಗಳನ್ನು ಜನ ತಮ್ಮ ಸ್ಟೋರಿಗೆ ಹಾಕಿಕೊಂಡು ಗೆಳೆಯರಿಗೆ ತೋರಿಸುತ್ತಾರೆ. 1080ಕ್ಕೆ 1350 ಪಿಕ್ಸೆಲ್ ಅಳತೆಯಲ್ಲಿ ಬರೆದರೆ ಮೊಬೈಲಿನ ಪರದೆಯ ಬಹುಪಾಲು ತುಂಬುತ್ತದೆ. ಒಂದು ಪೋಸ್ಟಿಗೆ ಮೊದಲು ಹತ್ತೇ ಚಿತ್ರ ಹಾಕಬಹುದಿತ್ತು, 2024ರ ಆಗಸ್ಟಿನಿಂದ 20. ಹಾಗಾಗಿ ಘಾಟಿಯ 14 ತಿರುವೂ ಹಿಡಿಸಿತು. ಹಿಡಿಸಿತು ನಿಜ, ಆದರೆ ಅಲ್ಲಿ ಚಿತ್ರ ಸರಿಸುವುದು ಅಡ್ಡಕ್ಕೆ. ಇಳಿಯಬೇಕಾದ ಬಸ್ಸು ಬಯಲುಸೀಮೆಯ ರಸ್ತೆಯಲ್ಲಿ ಹೋದ ಹಾಗೆ ಕಂಡಿತು. ಅಡ್ಡಕ್ಕೆ ಸರಿಸುವ ಕಡೆ ಕೊನೆಯ ಚಿತ್ರದಲ್ಲಿ ತಟ್ಟೆಂದು ಏಟು ಕೊಡುವ ಕತೆ ಬೇಕು, ನಿಧಾನವಾಗಿ ಮಾಗುವ ಕತೆ ಅಲ್ಲಿ ನಡೆಯುವುದಿಲ್ಲ.

ಅಲ್ಲಿ ಎರಡು ವಿಷಯ ನೆನಪಿಡಿ. ಮೊದಲ ಚಿತ್ರ ನೋಡಿ ಮುಂದೆ ಹೋದವರಿಗೆ ಅದೇ ಪೋಸ್ಟು ಎರಡನೇ ಚಿತ್ರದಿಂದ ಮತ್ತೆ ಕಾಣಿಸುವುದುಂಟು, ಆದ್ದರಿಂದ ಎರಡನೆಯದೂ ತನ್ನ ಕಾಲ ಮೇಲೆ ನಿಲ್ಲುವಂತಿರಲಿ. ಇನ್ನೊಂದು, ಪೋಸ್ಟಿನ ಕೆಳಗೆ ಬರೆದ ಸೈಟಿನ ವಿಳಾಸ ಒತ್ತಿದರೆ ತೆರೆಯುವುದಿಲ್ಲ. ಪ್ರೊಫೈಲಿಗೆ ಹೋಗಿ, ಅಲ್ಲಿಂದ ಒತ್ತಬೇಕು. ಅಷ್ಟು ದೂರ ಬರುವವರು ಕಡಿಮೆ. ಧಾರಾವಾಹಿ ಕತೆಗಂತೂ ಹೊಸ ಕಂತು ಮೇಲೆ, ಹಳೆಯದು ತಳದಲ್ಲಿ. ಮೊದಲಿನಿಂದ ಓದಬೇಕು ಅನ್ನುವವರು ಬಾವಿಯಿಂದ ನೀರು ಸೇದಿದ ಹಾಗೆ ಎಳೆಯುತ್ತಾ ಹೋಗಬೇಕು.

ಸ್ವಂತ ಸೈಟಿನಲ್ಲಿ ನಾನು ಮಾಡಿದ ಮೊದಲ ಕೆಲಸವೇ ‘ಮೊದಲ ಕಂತಿನಿಂದ ಓದಿ’ ಅನ್ನುವ ದೊಡ್ಡ ಗುಂಡಿ. ಸೈಟು ಕಟ್ಟುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ಹಾಕಿಕೊಂಡೆ, ಪ್ರತಿ ಕಂತಿನ ಅಡಿಯಲ್ಲಿ ಹಿಂದಿನದು, ಮುಂದಿನದು ಅಂತ ಎರಡು ಬಾಣ. ಚಿತ್ರದ ಕೆಳಗೆ ಅದರಲ್ಲಿರುವ ಮಾತುಗಳನ್ನೆಲ್ಲ ಯುನಿಕೋಡ್‌ನಲ್ಲಿ ಟೈಪ್ ಮಾಡಿ ಹಾಕುತ್ತೇನೆ. ಇದು ಹೆಚ್ಚಿನ ಕೆಲಸ, ಆದರೆ ದಯವಿಟ್ಟು ಮಾಡಿ. ಚಿತ್ರದೊಳಗಿನ ಅಕ್ಷರ ನಂಬಿಕೊಂಡರೆ ಹುಡುಕುವವರ ಕೈಗೆ ಕಂತು ಸಿಗುವುದು ಕಷ್ಟ, ಕೆಳಗೆ ಬರೆದದ್ದು ಸಿಗುತ್ತದೆ. ಕಣ್ಣು ಕಾಣದವರ ಮೊಬೈಲು ಅದನ್ನು ಓದಿ ಹೇಳುತ್ತದೆ. ‘ಆಗುಂಬೆ ಬಸ್’ ಅಂತ ಕನ್ನಡದಲ್ಲಿ ಹುಡುಕಿ ನನ್ನ ಮೇಷ್ಟ್ರ ಹತ್ತಿರ ಬಂದವರಿದ್ದಾರೆ. ಅವರು ಒಂದು ಕಂತಿಗೆ ನಿಲ್ಲುವುದಿಲ್ಲ, ಹತ್ತಿಪ್ಪತ್ತು ಓದಿಯೇ ಹೋಗುತ್ತಾರೆ.

ಖರ್ಚಿದೆ. ಡೊಮೇನಿಗೆ (ಸೈಟಿನ ವಿಳಾಸ), ಹೋಸ್ಟಿಂಗಿಗೆ (ಸೈಟು ಇಡುವ ಜಾಗ) ವರ್ಷ ವರ್ಷ ಕಟ್ಟಬೇಕು. ಒಮ್ಮೆ ಹೋಸ್ಟಿಂಗ್ ಕಂಪನಿಯ ಕಡೆಯ ತೊಂದರೆಯಿಂದ ಮೂರು ದಿನ ಸೈಟು ತೆರೆಯಲಿಲ್ಲ, ನನ್ನ ಹತ್ತಿರ ಬ್ಯಾಕಪ್ಪೂ ಇರಲಿಲ್ಲ. ಆ ಮೂರು ರಾತ್ರಿ ನಿದ್ದೆ ಬರಲಿಲ್ಲ. ಈಗ ಎಲ್ಲ ಕಂತುಗಳೂ ಪೆನ್‌ಡ್ರೈವಿನಲ್ಲಿ ಒಂದು, ಅಕ್ಕನ ಮನೆಯ ಕಂಪ್ಯೂಟರಿನಲ್ಲಿ ಒಂದು.

ಎಲ್ಲಿ ಹಾಕಿದರೂ ತಪ್ಪದ ಕೆಲಸ ಅಕ್ಷರದ್ದು. ಇಂಗ್ಲಿಷ್ ಕಾಮಿಕ್ಕಿನವರು ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆದು ಸಾಲುಗಳನ್ನು ಹತ್ತಿರ ಹತ್ತಿರ ಕೂರಿಸುತ್ತಾರೆ. ನಮಗೆ ಅದು ಆಗುವುದಿಲ್ಲ. ‘ಮೇಷ್ಟ್ರೇ, ಇಪ್ಪತ್ತೆರಡು ರೂಪಾಯಿ’ ಅಂತ ಬರೆದು ನೋಡಿ. ಷ್ಟ್ರೇ ಅನ್ನುವುದರಲ್ಲಿ ಮೇಲೆ ಏತ್ವ, ಕೆಳಗೆ ಎರಡು ಒತ್ತು. ಪ್ಪ, ತ್ತೆ ಎರಡರ ಒತ್ತೂ ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ತಾಗುತ್ತವೆ. ನನ್ನ ಮೊದಲ ಕಂತುಗಳಲ್ಲಿ ಮೊಬೈಲಿನಲ್ಲಿ ‘ಮೇಷ್ಟ್ರೇ’ ಅನ್ನುವುದು ಮಸಿಯ ಚುಕ್ಕೆಯಾಗಿ ಕಾಣುತ್ತಿತ್ತು. ಈಗ ಅಕ್ಷರದ ಎತ್ತರದ ಒಂದೂವರೆ ಪಟ್ಟಿಗಿಂತ ಕಡಿಮೆ ಸಾಲಿನ ಅಂತರ ಇಡುವುದಿಲ್ಲ, ಮಾತಿನ ಗುಳ್ಳೆಯನ್ನು ಮೊದಲು ಬರೆದು ಆಮೇಲೆ ಮುಖ ಬರೆಯುತ್ತೇನೆ. ಬಲೂ ತಮ್ಮ ಅನ್ನುವ ಫಾಂಟು ಉಚಿತವಾಗಿ ಸಿಗುತ್ತದೆ, ದುಂಡಗೆ, ದಪ್ಪಗೆ ಇದೆ, ಕಂಡಕ್ಟರ್ ಕೂಗುವುದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮೇಷ್ಟ್ರ ಮಾತನ್ನು ಮಾತ್ರ ಕೈಯಲ್ಲೇ ಬರೆಯುತ್ತೇನೆ. ಚಿತ್ರದ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಒಡೆದು ಹೋದರೆ ಮಾತುಗಳನ್ನು ಇಂಕ್‌ಸ್ಕೇಪ್ ಅನ್ನುವ ಇನ್ನೊಂದು ಸಾಫ್ಟ್‌ವೇರಿನಲ್ಲಿ ಬರೆದು ತಂದು ಅಂಟಿಸಿ, ಅಲ್ಲಿ ಸರಿಯಾಗಿ ಕೂರುತ್ತವೆ. ಮುಗಿದ ಮೇಲೆ ಅಮ್ಮನ ಕೈಗೆ ಮೊಬೈಲು ಕೊಟ್ಟು ಕನ್ನಡಕ ಇಲ್ಲದೆ ಓದಲು ಹೇಳುತ್ತೇನೆ. ಅಮ್ಮ ತಡವರಿಸಿದ ಕಡೆ ಅಕ್ಷರ ದೊಡ್ಡದಾಗುತ್ತದೆ.

ಇನ್ನು ವಾಟ್ಸ್‌ಆ್ಯಪ್. ಚಾನೆಲ್ ಸೌಲಭ್ಯ 2023ರ ಸೆಪ್ಟೆಂಬರಿನಲ್ಲಿ ನಮ್ಮಲ್ಲಿಗೆ ಬಂತು. ಸೇರಿದವರಿಗೆ ನಮ್ಮ ಫೋನ್ ನಂಬರ್ ಕಾಣುವುದಿಲ್ಲ, ಅದೊಂದು ದೊಡ್ಡ ನೆಮ್ಮದಿ. ಅಲ್ಲಿ ಹಾಕಿದ ಚಿತ್ರ ಊರಿನ ಗ್ರೂಪು, ಶಾಲೆಯ ಹಳೆ ವಿದ್ಯಾರ್ಥಿಗಳ ಗ್ರೂಪು, ಕುಟುಂಬದ ಗ್ರೂಪು ಅಂತ ಹರಿಯುತ್ತದೆ. ಇನ್‌ಸ್ಟಾಗ್ರಾಂ ಮುಖವನ್ನೇ ನೋಡದ ಅರವತ್ತು ದಾಟಿದವರು ನನಗೆ ಸಿಕ್ಕಿದ್ದು ಹೀಗೆ, ಮೇಷ್ಟ್ರ ಕತೆಯ ನಿಜವಾದ ಓದುಗರು ಅವರೇ. ಹಾಗಂತ ಉದ್ದದ ಪಟ್ಟಿ ಹಾಕಿದರೆ ಅದು ಕುಗ್ಗಿ ಅಕ್ಷರ ಮಸುಕಾಗುತ್ತದೆ. ಒಂದು ಕಂತಿನಿಂದ ಒಂದೇ ಚೌಕ ಆರಿಸಿ, ಎಚ್‌ಡಿಯಲ್ಲಿ ಕಳಿಸಿ, ಕೆಳಗೆ ಸೈಟಿನ ಕೊಂಡಿ ಕೊಡುವುದು ಸರಿಯಾದ ದಾರಿ. ಇಲ್ಲಿ ಒತ್ತಿದರೆ ತೆರೆಯುತ್ತದೆ. ಹೆಸರು, ಸೈಟಿನ ವಿಳಾಸ ಎರಡನ್ನೂ ಚಿತ್ರದ ಒಳಗೇ ಬರೆಯಿರಿ. ಅಂಚಿನಲ್ಲಿ ಬರೆದರೆ ಕತ್ತರಿಸಿ ಹೋಗುತ್ತದೆ. ನಾನು ಬಸ್ಸಿನ ನಂಬರ್ ಪ್ಲೇಟಿನಲ್ಲೇ ಸೈಟಿನ ಹೆಸರು ಬರೆಯುತ್ತೇನೆ.

ಅಚ್ಚು ಹಾಕಿಸುವ ಆಸೆಯಿದ್ದರೆ ಇವತ್ತಿನಿಂದಲೇ ದೊಡ್ಡದಾಗಿ ಬರೆಯಿರಿ. 800 ಪಿಕ್ಸೆಲ್ ಅಗಲದ ಚಿತ್ರ ಅಚ್ಚಿಗೆ ಬೇಕಾದ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಮೂರು ಇಂಚೂ ಬರುವುದಿಲ್ಲ. ನಾನು ಮೊದಲ ಹತ್ತು ಕಂತುಗಳನ್ನು ಹಾಗೇ ಬರೆದಿದ್ದೆ, ಪುಸ್ತಿಕೆಗೆಂದು ಪೂರ್ತಿ ಮತ್ತೆ ಬರೆಯಬೇಕಾಯಿತು. ಈಗ 2400 ಅಗಲದಲ್ಲಿ ಬರೆದು ಇಳಿಸಿಕೊಳ್ಳುತ್ತೇನೆ.

ಘಾಟಿ ಕಂತಿನ ಕೊನೆಯ ಚೌಕ ಫಾರ್ವರ್ಡ್ ಆಗುತ್ತಾ ಆಗುತ್ತಾ ಹೆಬ್ರಿಯ ಒಬ್ಬರ ಕೈ ಸೇರಿತು. ನಂಬರ್ ಪ್ಲೇಟ್ ನೋಡಿ ಸೈಟಿಗೆ ಬಂದು, ಎಲ್ಲ ಕಂತೂ ಓದಿ, ಮೇಲ್ ಬರೆದರು: ‘ಚಿತ್ರ ಚಂದ ಉಂಟು. ಆದ್ರೆ ನಮ್ಮ ಕಡೆ ಬಸ್ಸಿನ ಕಂಡಕ್ಟರ್ ಅಂದ್ರೆ ಬಾಯಲ್ಲಿ ವಿಷಲ್ ಬೇಕಲ್ಲ ಮಾರಾಯ್ರೆ?’ ನೂರಕ್ಕೆ ನೂರು ನಿಜ. ಅಷ್ಟು ವರ್ಷ ಆ ಬಸ್ಸಿನಲ್ಲಿ ಓಡಾಡಿಯೂ ನನಗೆ ಹೊಳೆದಿರಲಿಲ್ಲ. ಅವತ್ತು ರಾತ್ರಿಯೇ ವಿಷಲ್ ಬರೆದು ಸೈಟಿನಲ್ಲೂ ವೆಬ್‌ಟೂನ್‌ನಲ್ಲೂ ಚಿತ್ರ ಬದಲಿಸಿದೆ. ಇನ್‌ಸ್ಟಾಗ್ರಾಂನಲ್ಲಿ ಹಾಕಿಯಾದ ಚಿತ್ರ ಬದಲಿಸಲು ಬರುವುದಿಲ್ಲ, ಹಾಗಾಗಿ ಅಲ್ಲಿ ಹಳೆಯದೇ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಗ್ರೂಪಿಂದ ಗ್ರೂಪಿಗೆ ಓಡಾಡುತ್ತಿರುವ ಕಂಡಕ್ಟರಿಗೆ ಇವತ್ತಿಗೂ ವಿಷಲ್ ಇಲ್ಲ.