ಫೈಟರ್ ಮೀನಿನ ತೊಟ್ಟಿಗೆ ಪಾಚಿ ಔಷಧಿ ಹಾಕುವ ಮುಂಚೆ ಇದನ್ನು ಓದಿ

ಹೋದ ತಿಂಗಳು ನಮ್ಮ ಮನೆಯ ಸಣ್ಣ ತೊಟ್ಟಿಯಲ್ಲಿ ಎಂಟು ಚೆರ್ರಿ ಸೀಗಡಿ, ಎರಡು ಬಸವನಹುಳು, ಕೊನೆಗೆ ನಮ್ಮ ಫೈಟರ್ ಮೀನೂ ಸತ್ತುಹೋಯಿತು. ಯಾವ ರೋಗವೂ ಬಂದಿರಲಿಲ್ಲ. ಪಾಚಿ ತೆಗೆಯಬೇಕು ಅಂತ ನಾನು ಮಾಡಿದ ಎರಡು ತಪ್ಪುಗಳೇ ಕಾರಣ. ನಿಮ್ಮ ಮನೆಯಲ್ಲಿ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಬೆಂಗಳೂರಿನ ನಮ್ಮ ಮನೆಯಲ್ಲಿ ಪೂರ್ವದ ಕಿಟಕಿ ಪಕ್ಕ ತೊಟ್ಟಿ ಇಟ್ಟಿದ್ದೆ. ಉದ್ದ, ಅಗಲ, ಎತ್ತರ ಎಲ್ಲ ಒಂದೊಂದು ಅಡಿ. ಒಳಗೆ ನೀರಿನ ಗಿಡಗಳು, ಅಂದರೆ ಅನುಬಿಯಾಸ್, ಜಾವಾ ಫರ್ನ್, ಕಟ್ಟಿಗೆಗೆ ಕಟ್ಟಿದ ಜಾವಾ ಮಾಸ್. ಸೀಗಡಿಗಳು ಆ ಮಾಸ್ ಒಳಗೆ ಅಡಗಿಕೊಂಡೇ ಬದುಕುತ್ತಿದ್ದವು, ಯಾಕೆಂದರೆ ನಮ್ಮ ನೀಲಿ ಫೈಟರ್‌ಗೆ ಕೋಪ ಜಾಸ್ತಿ. ಗಾಜಿನಲ್ಲಿ ತನ್ನ ಬಿಂಬ ಕಂಡರೂ ಕಿವಿರು ಅಗಲಿಸಿ ನಿಲ್ಲುತ್ತಿತ್ತು.

ಮೂರನೇ ತಿಂಗಳಿಗೆ ಗಾಜಿನ ಮೇಲೆ ಹಸಿರು ಚುಕ್ಕೆ, ಮಾಸ್ ತುಂಬ ಕೂದಲಿನಂಥ ಪಾಚಿ. ಮೀನಿನ ಅಂಗಡಿಯಲ್ಲಿ ಕೇಳಿದೆ. "ಒಂದು ಗೋಲ್ಡನ್ ಸಕ್ಕರ್ ಬಿಡಿ ಸರ್, ಎರಡೇ ದಿನದಲ್ಲಿ ಗಾಜು ಕ್ಲೀನ್" ಅಂದರು. ಬೆರಳುದ್ದದ ಮೀನಿನ ಮರಿ, ನೋಡೋಕೂ ಚೆನ್ನಾಗಿತ್ತು. ತಂದು ಬಿಟ್ಟೆ.

ಮೊದಲ ದಿನವೆಲ್ಲ ಫೈಟರ್ ಅದನ್ನು ಅಟ್ಟಾಡಿಸಿತು. ಸಕ್ಕರ್ ಕಲ್ಲಿನ ಹಿಂದೆ ಸೇರಿಕೊಂಡಿತು. ಮೂರನೇ ದಿನ ಕತೆ ತಿರುಗಾ ಮುರುಗಾ ಆಯಿತು. ಫೈಟರ್ ರಾತ್ರಿ ಅನುಬಿಯಾಸ್ ಎಲೆ ಮೇಲೆ ಒರಗಿ ಮಲಗುತ್ತದೆ. ಬೆಳಿಗ್ಗೆ ನೋಡಿದರೆ ಕಿವಿರಿನ ಹಿಂದೆ, ಕೊತ್ತಂಬರಿ ಬೀಜದಷ್ಟು ಅಗಲಕ್ಕೆ ಹುರುಪೆ ಕಿತ್ತುಹೋಗಿ ಚರ್ಮ ಬೆಳ್ಳಗೆ ಕಾಣುತ್ತಿತ್ತು. ಆ ರಾತ್ರಿ ಟಾರ್ಚ್ ಹಾಕಿ ಕಾದೆ. ಸಕ್ಕರ್ ಅದರ ಮೈಗೇ ಅಂಟಿಕೊಂಡು ಲೋಳೆ ಹೀರುತ್ತಿತ್ತು.

ಆಮೇಲೆ ಓದಿ ತಿಳಿದುಕೊಂಡೆ. ಈ ಜಾತಿಯ ಹೆಸರು ಚೈನೀಸ್ ಆಲ್ಗೀ ಈಟರ್. ಮರಿಯಾಗಿದ್ದಾಗ ಪಾಚಿ ತಿನ್ನುತ್ತದೆ, ಬೆಳೆದಂತೆ ಅದರ ರುಚಿ ಬದಲಾಗುತ್ತದೆ, ಬೇರೆ ಮೀನುಗಳ ಮೈಗೆ ಅಂಟಿಕೊಳ್ಳುತ್ತದೆ. 25 ಸೆಂಟಿಮೀಟರ್ ದಾಟಿ ಬೆಳೆಯುವ ಮೀನು ಅದು. ಒಂದಡಿ ತೊಟ್ಟಿಯಲ್ಲಿ ಅದಕ್ಕೆ ಜಾಗವಾದರೂ ಎಲ್ಲಿದೆ? ಮಾಮೂಲಿ ಕಪ್ಪು ಸಕ್ಕರ್ ಅದಕ್ಕಿಂತಲೂ ದೊಡ್ಡದಾಗುತ್ತದೆ. ಬೇಡ ಅನಿಸಿದರೆ ಅಂಗಡಿಗೇ ವಾಪಸ್ ಕೊಡಿ, ದಯವಿಟ್ಟು ಕೆರೆಗೆ ಬಿಡಬೇಡಿ. ಅಲ್ಲಿನ ಮೀನುಗಳ ಊಟ, ಜಾಗ ಎರಡನ್ನೂ ಅದು ಕಿತ್ತುಕೊಳ್ಳುತ್ತದೆ.

ನಾನೂ ವಾಪಸ್ ಕೊಡೋಕೆ ಹೋದೆ. ಅಲ್ಲೇ ಎರಡನೇ ತಪ್ಪು ಮಾಡಿದೆ. ಪಾಚಿ ಔಷಧಿಯ ಬಾಟಲಿ ಕೈಗಿಟ್ಟರು, ತಂದೆ. ಒಂದಡಿ ತೊಟ್ಟಿ ಅಂದರೆ 28 ಲೀಟರ್ ಅಂತ ಲೆಕ್ಕ ಹಾಕಿ ಸುರಿದೆ. ಮಣ್ಣು, ಕಲ್ಲು, ಮೇಲೆ ಖಾಲಿ ಬಿಟ್ಟ ಜಾಗ ಕಳೆದರೆ ನೀರು ಇದ್ದದ್ದು 20 ಲೀಟರ್. ಅಂದರೆ ಶೇ. 40ರಷ್ಟು ಜಾಸ್ತಿ ಬಿತ್ತು. ಬಾಟಲಿಯ ಹಿಂದೆ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ, ಅದರಲ್ಲಿ ತಾಮ್ರ ಇದೆ ಅಂತ ಬರೆದಿತ್ತು. ತಾಮ್ರ ಸೀಗಡಿಗೂ ಬಸವನಹುಳುವಿಗೂ ವಿಷ. ಅಳತೆ ಸರಿಯಿದ್ದಿದ್ದರೂ ಅವು ಉಳಿಯುತ್ತಿದ್ದದ್ದು ಅನುಮಾನ.

ಸಂಜೆ ಮಗಳು ಕೂಗಿದಳು. "ಅಪ್ಪಾ, ಸೀಗಡಿ ಎಲ್ಲ ಮೇಲೆ ಬಂದು ಸುತ್ತುತ್ತಿವೆ." ಯಾವತ್ತೂ ಮಾಸ್ ಬಿಟ್ಟು ಬಾರದ ಸೀಗಡಿಗಳು ದಿಕ್ಕು ತಪ್ಪಿದಂತೆ ಈಜುತ್ತಿದ್ದವು. ರಾತ್ರಿಯ ಹೊತ್ತಿಗೆ ಒಂದೊಂದಾಗಿ ಮಗ್ಗುಲಾಗಿ ಬಿದ್ದವು. ಎರಡು ದಿನದಲ್ಲಿ ಪಾಚಿಯೂ ಸತ್ತು ಬೂದು ಬಣ್ಣಕ್ಕೆ ತಿರುಗಿ ತಳಕ್ಕೆ ಇಳಿಯಿತು. ನನಗೆ ಆಗ ಹೊಳೆಯಲೇ ಇಲ್ಲ, ಅಷ್ಟೂ ಪಾಚಿ ಅಲ್ಲೇ ಕೊಳೆತು ಅಮೋನಿಯಾ ಅನ್ನುವ ವಿಷ ಹುಟ್ಟಿಸುತ್ತದೆ ಅಂತ. ಅಮೋನಿಯಾ ಕಿಟ್‌ನಲ್ಲಿ ಪರೀಕ್ಷೆ ಮಾಡಿದರೆ, ಹಳದಿಯಾಗಿ ಉಳಿಯಬೇಕಿದ್ದ ನೀರು ಕಡು ಹಸಿರಾಯಿತು. ಫೈಟರ್ ಮೇಲೆ ಬಂದು ಗಾಳಿ ಕುಡಿಯುವ ಮೀನು, ನೀರಲ್ಲಿ ಆಕ್ಸಿಜನ್ ಕಮ್ಮಿಯಾದರೂ ಹೇಗೋ ತಡೆಯುತ್ತದೆ. ಆದರೆ ಅಮೋನಿಯಾ ಕಿವಿರನ್ನೇ ಸುಡುತ್ತದೆ. ಮೈಮೇಲೆ ಮೊದಲೇ ಗಾಯ ಬೇರೆ. ಐದನೇ ದಿನ ಹೋಯಿತು.

ಅಷ್ಟಕ್ಕೂ ಪಾಚಿ ಬಂದದ್ದು ಯಾಕೆ? ದಿನಕ್ಕೆ 12 ಗಂಟೆ ಲೈಟ್ ಉರಿಸುತ್ತಿದ್ದೆ. ಅದರ ಮೇಲೆ ಬೆಳಗಿನ ಬಿಸಿಲು. ಫೈಟರ್‌ಗೆ ಒಂದು ಹೊತ್ತಿಗೆ ಎರಡು ಮೂರು ಕಾಳು ಆಹಾರ ಸಾಕು, ನಾವು ಮನೆಮಂದಿಯೆಲ್ಲ ಸರದಿಯಲ್ಲಿ ಹಾಕುತ್ತಿದ್ದೆವು. ಅನುಬಿಯಾಸ್, ಜಾವಾ ಫರ್ನ್ ತುಂಬ ನಿಧಾನ ಬೆಳೆಯುವ ಗಿಡಗಳು. ನೀರಿನಲ್ಲಿ ಉಳಿದ ಗೊಬ್ಬರವನ್ನೆಲ್ಲ ಅವು ತಿಂದು ಮುಗಿಸಲಾರವು. ಪಾಚಿ ತಿನ್ನುತ್ತದೆ.

ಈಗ ಕಿಟಕಿಗೆ ದಪ್ಪ ಪರದೆ ಹಾಕಿದ್ದೇನೆ. ಲೈಟಿಗೆ ಟೈಮರ್, ದಿನಕ್ಕೆ 6 ಗಂಟೆ ಮಾತ್ರ. ಬೇಗ ಬೆಳೆಯುವ ಹಾರ್ನ್‌ವರ್ಟ್ ಗಿಡ ಒಂದು ಹಿಡಿ ತೇಲಿಬಿಟ್ಟಿದ್ದೇನೆ. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಾಯಿಸುತ್ತೇನೆ. ಕೂದಲು ಪಾಚಿಯನ್ನು ಹಳೆ ಟೂತ್‌ಬ್ರಶ್‌ಗೆ ಶಾವಿಗೆ ಸುತ್ತಿದ ಹಾಗೆ ಸುತ್ತಿ ಎಳೆದರೆ ಬುಡಸಮೇತ ಬರುತ್ತದೆ. ಇಷ್ಟರಲ್ಲೇ ಮೂರು ವಾರಕ್ಕೆ ಗಾಜು ತಿಳಿಯಾಯಿತು. ಒಂದು ರೂಪಾಯಿ ಔಷಧಿ ಬೇಕಾಗಲಿಲ್ಲ. ಸಹಾಯಕ್ಕೆ ಯಾರಾದರೂ ಬೇಕೇ ಬೇಕು ಅಂದರೆ ನೆರೈಟ್ ಬಸವನಹುಳು ನೋಡಿ. ಚಿಪ್ಪು ಗಟ್ಟಿ, ಸಿಹಿನೀರಲ್ಲಿ ಅದರ ಮರಿ ಬೆಳೆಯುವುದಿಲ್ಲ, ಹಾಗಾಗಿ ತೊಟ್ಟಿ ತುಂಬಿಕೊಳ್ಳುವ ಭಯವೂ ಇಲ್ಲ. ನಾನು ಮಾತ್ರ ಸದ್ಯಕ್ಕೆ ಬಿಡುತ್ತಿಲ್ಲ. ಹಳೆ ಮಣ್ಣಿನಲ್ಲಿ ತಾಮ್ರ ಉಳಿದಿರುತ್ತದೆ, ಅದನ್ನು ಪೂರ್ತಿ ಬದಲಾಯಿಸಿ ಆಮೇಲೆ ನೋಡಬೇಕು.

ಈಗಾಗಲೇ ಔಷಧಿ ಸುರಿದುಬಿಟ್ಟಿದ್ದರೆ ನಾಳೆವರೆಗೆ ಕಾಯಬೇಡಿ. ಬದುಕಿರುವ ಸೀಗಡಿ, ಬಸವನಹುಳುಗಳನ್ನು ಕ್ಲೋರಿನ್ ತೆಗೆದ ನೀರಿನ ಬಕೆಟ್‌ಗೆ ಹಾಕಿ. ತೊಟ್ಟಿಯ ಅರ್ಧ ನೀರು ತೆಗೆದು, ಅಷ್ಟೇ ಬೆಚ್ಚಗಿನ, ಕ್ಲೋರಿನ್ ಇಲ್ಲದ ನೀರು ತುಂಬಿ. ಏರ್ ಪಂಪ್ ಹಾಕಿ. ಫಿಲ್ಟರ್‌ಗೆ ಹೊಸ ಆಕ್ಟಿವೇಟೆಡ್ ಕಾರ್ಬನ್ (ಔಷಧಿ ಹೀರುವ ಇದ್ದಿಲು) ಹಾಕಿ. ಸತ್ತ ಪಾಚಿಯನ್ನು ಪೈಪಿನಿಂದ ಎಳೆದು ತೆಗೆಯಿರಿ. ಮಾರನೇ ದಿನ ಮತ್ತೆ ಅರ್ಧ ನೀರು ಬದಲಾಯಿಸಿ.