ಕಂಟೋನ್ಮೆಂಟಿನ ಹಳೆಯ ಬಂಗಲೆಗೆ ಗಾರೆ ಕೆಲಸ: ಮೇಸ್ತ್ರಿ ತಂಡದ ಬಗ್ಗೆ ನನ್ನ ಅನುಭವ

ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಬಂಗಲೆಯ ಗೇಟಿನ ಕಂಬದಲ್ಲಿ 1912 ಎಂದು ಕೆತ್ತಿದೆ. ನಮ್ಮ ಮಾವನವರ ತಂದೆ ಕೊಂಡ ಮನೆ. 1953ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿತ್ತಲ್ಲ, ಕ್ರಯಪತ್ರದ ಮೇಲೆ ಇರುವುದೂ ಮದ್ರಾಸ್ ಸರ್ಕಾರದ ಮುದ್ರೆಯೇ.

ಆರು ವರ್ಷಗಳ ಹಿಂದೆ ಗುತ್ತಿಗೆದಾರರೊಬ್ಬರು ಇದರ ಗೋಡೆಗಳಿಗೆ ಸಿಮೆಂಟ್ ಬಳಿದು ಹೋದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಉಪ್ಪು ಮೂಡಿ, ಗಿಲಾವು ಹಪ್ಪಳದಂತೆ ಎದ್ದು ಬಂತು. ನನಗೆ ಅಳುವೇ ಬಂದಿತ್ತು. ಈ ಬಾರಿ ಹಳೆಯ ಕಾಲದ ಸುಣ್ಣದ ಗಾರೆ ಕೆಲಸ ಬಲ್ಲವರನ್ನೇ ಹುಡುಕಿ ಕರೆಸಿದೆ.

ಮೇಸ್ತ್ರಿ ಬಂದವರೇ ಗೋಡೆ ಮುಟ್ಟದೆ ಮೊದಲು ಮಾಳಿಗೆ ಹತ್ತಿದರು. ನಮ್ಮದು ಮದ್ರಾಸ್ ಟೆರೇಸ್: ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿ ಬೆರೆಸಿದ ಗಾರೆಯನ್ನು ಬಡಿದು ಕೂರಿಸಿದ್ದು. ಸುಣ್ಣವನ್ನು ಮೂರು ವಾರ ಹೊಂಡದಲ್ಲಿ ನೆನೆಸಿದರು. ಅಳಲೆಕಾಯಿ, ಬೆಲ್ಲ ಕೊಳೆಹಾಕಿದ ನೀರು ಸೇರಿಸಿದರು. ಆಮೇಲೆ ಹೆಂಗಸರು ಸಾಲಾಗಿ ಕುಳಿತು ಮರದ ಬಡಿಗೆಯಿಂದ ದಿನಗಟ್ಟಲೆ ಬಡಿದರು. ಎಂಬತ್ತನಾಲ್ಕರ ನಮ್ಮ ಅತ್ತೆ ಆ ಸದ್ದು ಕೇಳಲೆಂದೇ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು.

ಸಾರುವೆ ಕಟ್ಟಲು ಅಡ್ಡವೆಂದು ಹಿಂದಿನವರು ಪಡುವಣ ಬೇವನ್ನು ಕಡಿಯಲು ಹೇಳಿದ್ದರು. ಈ ಮೇಸ್ತ್ರಿ, "ಅಮ್ಮಾ, ಈ ಬೇವೂ ನಿಮ್ಮ ಮನೆಯ ಒಂದು ಗೋಡೆಯೇ" ಎಂದರು. ನಿಜ. ಇಳಿಬಿಸಿಲನ್ನು ತಡೆಯುವುದು ಅದೇ. ಮರದ ನೆರಳಿನಲ್ಲಿ ತಣಿದ ಗಾಳಿ ವರಾಂಡ ದಾಟಿ ಒಳಗೆ ಬಂದು, ಒಳಗಿನ ಬಿಸಿಗಾಳಿ ಚಾವಣಿಯ ಕೆಳಗಿನ ಗವಾಕ್ಷಿಗಳಿಂದ ಹೊರಹೋಗುವಂತೆ ಕಟ್ಟಿದ ಮನೆ ಇದು. ತೋಟವನ್ನು ನಿವೇಶನಗಳಾಗಿ ಮಾರಿ ಬಂಗಲೆಯನ್ನಷ್ಟೇ ಉಳಿಸಿಕೊಳ್ಳಿ ಎನ್ನುವವರಿಗೆ ನಾನು ಒಪ್ಪದಿರುವುದು ಇದಕ್ಕೇ. ಕಳೆದ ಮೇ ತಿಂಗಳಲ್ಲಿ ಹೊರಗೆ 41 ಡಿಗ್ರಿ ಇದ್ದಾಗಲೂ ನಡುಮನೆಗೆ ಫ್ಯಾನ್ ಒಂದೇ ಸಾಕಾಯಿತು.

ಕೊರತೆಯೂ ಇದೆ. ಎರಡು ತಿಂಗಳೆಂದ ಕೆಲಸಕ್ಕೆ ನಾಲ್ಕೂವರೆ ತಿಂಗಳಾಯಿತು. ಸುಣ್ಣದ ಹೊಂಡವನ್ನು ಪಾರಿಜಾತದ ಬುಡದಲ್ಲೇ ತೋಡಿದ್ದರಿಂದ ಗಿಡದ ಒಂದು ಮಗ್ಗುಲು ಸುಟ್ಟುಹೋಯಿತು. ತಪ್ಪೊಪ್ಪಿಕೊಂಡು ಹೊಂಡ ಮುಚ್ಚಿ ಮಣ್ಣು ಬದಲಿಸಿಕೊಟ್ಟರು, ಆದರೂ ಆ ಗಿಡ ನೋಡಿದಾಗ ಸಂಕಟವಾಗುತ್ತದೆ. ಖರ್ಚು ಸಿಮೆಂಟ್ ಕೆಲಸಕ್ಕಿಂತ ಹೆಚ್ಚು.

ಮಾಡಿಸುವವರು ದೀಪಾವಳಿಯ ನಂತರ ಶುರು ಮಾಡಿಸಿ. ಬೇಸಿಗೆಯಲ್ಲಿ ನಮ್ಮೂರ ಬಿಸಿಲಿಗೆ ಹಸಿ ಗಾರೆ ಬೇಗ ಒಣಗಿ ಬಿರುಕು ಬಿಡುತ್ತದೆ. ಒದ್ದೆ ಗೋಣಿತಟ್ಟು ಹೊದಿಸಿ ದಿನವೂ ನೀರುಣಿಸಬೇಕು. ನಮಗೆ ಹಿತ್ತಲ ಬಾವಿಯ ನೀರೇ ಒದಗಿತು.