ಸುಲ್ತಾನಹ್ಮೆತ್‌ನಲ್ಲಿ ಊಟಕ್ಕೆ ಕೂರುವ ಮುಂಚೆ: ಬಿಲ್ಲಿನಲ್ಲಿ ಮೋಸ, ಬಟ್ಟಲಲ್ಲಿ ಮಾಂಸ

ಇಸ್ತಾಂಬುಲ್‌ನ ಹಳೆಯ ಬಡಾವಣೆ ಸುಲ್ತಾನಹ್ಮೆತ್‌ನಲ್ಲಿ ಆಯಾ ಸೋಫಿಯಾ ನೋಡಿ ಹೊರಬಂದು ಟ್ರಾಮ್ ಓಡುವ ದಿವಾನ್ ಯೋಲು ರಸ್ತೆ ಹಿಡಿದರೆ ಸಾಕು, ಯಾರಾದರೊಬ್ಬರು ಮೆನು ಹಿಡಿದು ಅಡ್ಡ ಬರುತ್ತಾರೆ. "ಇಂಡಿಯಾ? ನಮಸ್ತೆ! ವೆಜಿಟೇರಿಯನ್ ಇದೆ, ಟೆರೇಸ್ ಇದೆ, ಬನ್ನಿ." ಅವರ ಹಿಂದೆ ಮೆಟ್ಟಿಲು ಹತ್ತಿದವರು ಹೇಳುವ ಕಥೆ ಹೆಚ್ಚುಕಮ್ಮಿ ಒಂದೇ.

ಕೂತ ಕೂಡಲೇ ಬಲೂನಿನಂತೆ ಉಬ್ಬಿದ ಬಿಸಿ ಲವಾಶ್ ರೊಟ್ಟಿ ಬರುತ್ತದೆ. ಜೊತೆಗೆ ನಾಲ್ಕೈದು ಪುಟ್ಟ ತಟ್ಟೆ: ಟೊಮೆಟೊ ಮೆಣಸಿನ ಎಜ್ಮೆ, ಗಟ್ಟಿ ಮೊಸರಿನ ಹಾಯ್ದಾರಿ, ಆಲಿವ್, ಚೀಸ್. ದೊಡ್ಡ ನೀರಿನ ಬಾಟಲಿಯ ಮುಚ್ಚಳ ಆಗಲೇ ತೆಗೆದಿರುತ್ತದೆ. ಯಾರೂ ಕೇಳಿದ್ದಲ್ಲ, ಉಚಿತ ಇರಬೇಕು ಅಂದುಕೊಂಡು ಎಲ್ಲರೂ ಕೈ ಹಾಕುತ್ತಾರೆ. ಆಮೇಲೆ ವೇಟರ್ "ಇವತ್ತಿನ ಸ್ಪೆಷಲ್" ಅಂತ ಬಾಯಲ್ಲೇ ಎರಡು ಹೆಸರು ಹೇಳುತ್ತಾನೆ, ಮೆನು ತೆಗೆದುಕೊಂಡು ಹೋಗಿಬಿಡುತ್ತಾನೆ. ಬೆಂಕಿ ಹಚ್ಚಿದ ಮಡಕೆ ಬರುತ್ತದೆ, ಎಲ್ಲರೂ ಮೊಬೈಲ್ ಎತ್ತುತ್ತಾರೆ. ಕೊನೆಗೆ ಬರುವ ಬಿಲ್ಲು ಬಾಗಿಲಲ್ಲಿ ತೋರಿಸಿದ ಮೆನುವಿನ ಲೆಕ್ಕಕ್ಕೆ ಎರಡು ಮೂರು ಪಟ್ಟು.

ಆ ಬಿಲ್ಲನ್ನು ಬಿಡಿಸಿ ನೋಡಿ. ಮೊದಲ ಸಾಲು 'ಕುವೆರ್', ಅಂದರೆ ತಲೆಗೆ ಇಷ್ಟು ಎಂದು ಹಾಕುವ ಟೇಬಲ್ ಶುಲ್ಕ. ನಂತರ ಪುಟ್ಟ ತಟ್ಟೆಗಳು, ಒಂದೊಂದಕ್ಕೂ ಬೇರೆ ಬೇರೆ ದರ. ಕೆಳಗೆ 'ಸೆರ್ವಿಸ್', ಶೇಕಡಾ ಲೆಕ್ಕದಲ್ಲಿ (ಕುವೆರ್, ಸೆರ್ವಿಸ್ ಎರಡಕ್ಕೂ 2026ರ ಜನವರಿ ಕೊನೆಯಿಂದ ನಿಷೇಧವಿದೆ). ಕೆಲವೆಡೆ ಅದರ ಮೇಲೆ ಟ್ಯಾಕ್ಸ್ ಅಂತ ಇನ್ನೊಂದು ಸಾಲು. ಈ ಕೊನೆಯದು ಶುದ್ಧ ಸುಳ್ಳು: ಟರ್ಕಿಯಲ್ಲಿ ಮೆನುವಿನ ದರದೊಳಗೇ ಕೆ.ಡಿ.ವಿ. ಎಂಬ ತೆರಿಗೆ ಸೇರಿರುತ್ತದೆ, ನಮ್ಮ ಜಿಎಸ್‌ಟಿಯಂತೆ ಕೊನೆಗೆ ಕೂಡಿಸುವುದಿಲ್ಲ. ಹಣ ಕೊಡುವಾಗ ಕಾರ್ಡ್ ಮಷಿನ್ "ರೂಪಾಯಿಯೋ ಲಿರಾವೋ" ಎಂದು ಕೇಳಿದರೆ ಲಿರಾ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರ ಅವರ ಕಡೆಯವರದ್ದು, ನಷ್ಟ ನಿಮ್ಮದು.

ತಡೆಯುವ ಕೆಲಸವೆಲ್ಲ ಕೂರುವ ಮುಂಚೆಯೇ ಆಗಬೇಕು. 2024ರ ಜನವರಿಯಿಂದ ಅಲ್ಲಿನ ಹೋಟೆಲ್, ಕೆಫೆಗಳು ದರಪಟ್ಟಿಯನ್ನು ಬಾಗಿಲ ಬಳಿಯೂ ಟೇಬಲ್ ಮೇಲೂ ಇಡುವುದು ಕಡ್ಡಾಯ. ಪಟ್ಟಿ ಇಲ್ಲದ, ಅಥವಾ ಬರೀ ಯೂರೋದಲ್ಲಿ ಬರೆದ ಜಾಗ ಬಿಟ್ಟು ಮುಂದೆ ನಡೆಯಿರಿ. ಕೂತರೆ ಮೆನುವಿನ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ. ಕೇಳದೆ ಬಂದ ತಟ್ಟೆ ಮುಟ್ಟುವ ಮುಂಚೆ "ಇಕ್ರಾಮ್ ಮಿ?" ಅಂತ ಕೇಳಿ, ಉಚಿತವೇ ಎಂದರ್ಥ. ಉತ್ತರ ಎಳೆದಾಡಿದರೆ ವಾಪಸ್ ಕಳಿಸಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಒಟ್ಟು ಮೊತ್ತ ಮಾತ್ರ ಬರೆದ ಚೀಟಿ ಕೊಟ್ಟರೆ 'ಅದಿಸ್ಯೋನ್', ಅಂದರೆ ಸಾಲುಸಾಲಾಗಿ ಬರೆದ ಬಿಲ್ಲು, ಕೇಳಿ ಪಡೆಯಿರಿ. ತಕರಾರು ಮುಂದುವರಿದರೆ ಇಸ್ತಾಂಬುಲ್ ನಗರಪಾಲಿಕೆಯ ಸಹಾಯವಾಣಿ 153, ಗ್ರಾಹಕರ ದೂರಿಗೆ 175. ಪಾಲಿಕೆಯ ತಪಾಸಣೆಯವರನ್ನು 'ಜಾಬಿತಾ' ಅನ್ನುತ್ತಾರೆ; ಆ ಹೆಸರೆತ್ತಿದರೇ ಎಷ್ಟೋ ಸಲ ಬಿಲ್ಲು ತೆಳ್ಳಗಾಗುತ್ತದೆ.

ಇನ್ನು ಆ ಬೆಂಕಿ ಹಚ್ಚಿದ ಮಡಕೆ. ಅದರಲ್ಲಿರುವ ಟೆಸ್ತಿ ಕೆಬಾಬ್ ಒಳನಾಡಾದ ಅನಾತೋಲಿಯಾದ ಅಡುಗೆ, ಕಪಾಡೋಕಿಯಾ ಮತ್ತು ಯೋಜ್‌ಗಾತ್ ಕಡೆಯದು. ಕಿಜಿಲಿರ್ಮಾಕ್ ನದಿಯ ಕೆಂಪು ಮಣ್ಣಿನಿಂದ ಅವಾನೋಸ್‌ನಲ್ಲಿ ಮಡಕೆ ಮಾಡುತ್ತಾರೆ. ಮಾಂಸ, ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ಮೆಣಸು ತುಂಬಿ, ಬಾಯಿಗೆ ಹಿಟ್ಟು ಮೆತ್ತಿ, ಕೆಲವು ಗಂಟೆ ಒಲೆಯಲ್ಲಿ ಬೇಯಿಸಬೇಕು. ಅದಕ್ಕೇ ಅಲ್ಲಿ ಎಷ್ಟೋ ಕಡೆ ಮೊದಲೇ ಹೇಳಿಡಿ ಅನ್ನುತ್ತಾರೆ. ಸುಲ್ತಾನಹ್ಮೆತ್‌ನಲ್ಲಿ ಆರ್ಡರ್ ಕೊಟ್ಟ ಕಾಲು ಗಂಟೆಗೆ ಬಂದರೆ, ದೊಡ್ಡ ಪಾತ್ರೆಯಲ್ಲಿ ಬೆಂದದ್ದನ್ನು ಮಡಕೆಗೆ ಸುರಿದು ತಂದಿರುವ ಸಾಧ್ಯತೆಯೇ ಹೆಚ್ಚು. ಮಡಕೆಯ ಕುತ್ತಿಗೆ ಒಡೆದೇ ಬಡಿಸುತ್ತಾರೆ, ಅದರ ಸುತ್ತ ಮೊದಲೇ ಗೀರು ಹಾಕಿದೆಯಾ ನೋಡಿ. ಒಡೆದ ಮೇಲೆ ಮೊದಲ ಸೌಟು ಬಡಿಸಿಕೊಳ್ಳುವಾಗ ಮಣ್ಣಿನ ಚೂರು ಹುಡುಕುವುದನ್ನು ಮರೆಯಬೇಡಿ. ದರ ಒಬ್ಬರಿಗೋ, ಇಡೀ ಮಡಕೆಗೋ ಎನ್ನುವುದೂ ಮೊದಲೇ ಇತ್ಯರ್ಥವಾಗಲಿ.

ಮೀನಿನ ಹೋಟೆಲುಗಳ ವರಸೆ ಬೇರೆ. ಗಲಾಟಾ ಸೇತುವೆಯ ಕೆಳಗೆ, ಕುಮ್‌ಕಾಪಿಯಲ್ಲಿ, ದರ ಕಿಲೋ ಲೆಕ್ಕದಲ್ಲಿ ಇರುತ್ತದೆ ಅಥವಾ ಬರೆದೇ ಇರುವುದಿಲ್ಲ. "ಇಬ್ಬರಿಗೆ ಒಂದು ಒಳ್ಳೆಯ ಮೀನು ತರಲಾ?" ಎಂಬ ಪ್ರಶ್ನೆಗೆ ಹೂಂ ಅಂದರೆ ನಾಲ್ವರು ತಿನ್ನುವ ಮೀನು ಬರುತ್ತದೆ. ನೀವೇ ಎದ್ದು ಹೋಗಿ ಆರಿಸಿ, ಎದುರಿಗೇ ತೂಗಿಸಿ, ಮೊತ್ತ ಕಾಗದದ ಮೇಲೆ ಬರೆಸಿ, ಆಮೇಲೆ ಬೆಂಕಿಗೆ ಹೋಗಲಿ. ಲೆವ್ರೆಕ್, ಚಿಪುರಾ ಬಹುತೇಕ ಸಾಕಿದ ಮೀನು. 'ದೆನಿಜ್' ಅಂದರೆ ಸಮುದ್ರದ್ದು, 'ಚಿಫ್ಟ್‌ಲಿಕ್' ಅಂದರೆ ಸಾಕಣೆಯದು, ದರ ಅಜಗಜಾಂತರ. ಏಪ್ರಿಲ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ದೊಡ್ಡ ಬಲೆಯ ಮೀನುಗಾರಿಕೆಗೆ ನಿಷೇಧವಿರುತ್ತದೆ. ಜುಲೈನಲ್ಲಿ "ಈಗಷ್ಟೇ ಹಿಡಿದ ಲುಫೆರ್" ಅಂದರೆ ನಂಬಬೇಡಿ. ಎಮಿನೋನು ದಂಡೆಯ ಪ್ರಸಿದ್ಧ ಮೀನಿನ ಬ್ರೆಡ್ಡಿನೊಳಗೆ ಇರುವುದೂ ಹೆಚ್ಚಾಗಿ ನಾರ್ವೆಯಿಂದ ಬಂದ ಫ್ರೋಜನ್ ಬಂಗುಡೆ ಜಾತಿಯದು. ರುಚಿಗೆ ಮೋಸವಿಲ್ಲ, ಮುಳ್ಳು ನೋಡಿಕೊಂಡು ತಿನ್ನಿ.

ದುಡ್ಡು ಹೋದದ್ದನ್ನು ಮರೆಯಬಹುದು. ಸಸ್ಯಾಹಾರಿಗಳು ನೊಂದುಕೊಳ್ಳುವುದು ಬೇರೆ ಕಾರಣಕ್ಕೆ, ಮತ್ತು ಅಲ್ಲಿ ಸಾಮಾನ್ಯವಾಗಿ ಮೋಸವೂ ಇರುವುದಿಲ್ಲ. ಕಣ್ಣಿಗೆ ಮಾಂಸದ ತುಂಡು ಕಾಣದಿದ್ದರೆ ಅದು ಮಾಂಸದ ಅಡುಗೆಯಲ್ಲ ಎಂಬುದು ಅಲ್ಲಿನ ಅಡುಗೆಯವರ ಎಣಿಕೆ. ಕೆಂಪು ಬೇಳೆಯ ಮೆರ್ಜಿಮೆಕ್ ಸೂಪಿಗೆ ಎಷ್ಟೋ ಕಡೆ ಮೂಳೆ ಬೇಯಿಸಿದ ನೀರು ಹಾಕುತ್ತಾರೆ. ಬಿಳಿ ಅನ್ನದ ಪಿಲಾವ್‌ಗೆ ಬೆಣ್ಣೆಯ ಜೊತೆ ಕೋಳಿ ಬೇಯಿಸಿದ ನೀರು. ಕುರು ಫಸುಲ್ಯೆ ಎಂಬ ಬಿಳಿ ಬೀನ್ಸ್ ಸಾರಿನಲ್ಲಿ ತುಂಡು ಕಾಣದಿದ್ದರೂ ಮಾಂಸದ ರಸ ಇರಬಹುದು. "ವೆಜಿಟೇರಿಯನ್?" ಎಂದು ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಕೇಳಬೇಕಾದದ್ದು "ಎತ್ ಸುಯು ವಾರ್ ಮಿ?", ಮಾಂಸ ಬೇಯಿಸಿದ ನೀರು ಇದೆಯಾ ಅಂತ. ಕೋಳಿಯದಾದರೆ "ತಾವುಕ್ ಸುಯು".

ಸಿಹಿಯಲ್ಲೂ ಒಂದು ಗುಂಡಿ ಇದೆ. ತಾವುಕ್ ಗೋಸು ಎಂಬ ಬೆಳ್ಳಗಿನ ಹಾಲಿನ ಸಿಹಿಗೆ ಕೋಳಿಯ ಎದೆಮಾಂಸವನ್ನು ನಾರುನಾರಾಗಿ ಬಿಡಿಸಿ ಸೇರಿಸುತ್ತಾರೆ, ಬಾಯಿಗೆ ಗೊತ್ತೇ ಆಗುವುದಿಲ್ಲ. ಅದನ್ನೇ ತಳ ಸೀಯಿಸಿದರೆ ಕಜಾನ್‌ದಿಬಿ. ಈಗ ಕೋಳಿ ಇಲ್ಲದ ಕಜಾನ್‌ದಿಬಿಯೂ ಬೇಕಾದಷ್ಟು ಸಿಗುತ್ತದೆ, ಆದರೆ ಕೇಳಿಯೇ ತಿನ್ನಿ. ಸುತ್ಲಾಚ್ ಎಂಬ ಅನ್ನದ ಪಾಯಸಕ್ಕೆ ಆ ಭಯವಿಲ್ಲ.

ನಿಶ್ಚಿಂತೆಯಿಂದ ತಿನ್ನಬಹುದಾದದ್ದು 'ಜೇತಿನ್‌ಯಾಲಿ' ಸಾಲು: ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಬಡಿಸುವ ತರಕಾರಿ, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ, ಇಮಾಮ್ ಬಾಯಿಲ್ದಿ ಬದನೆಕಾಯಿ. ನೋಡಲು ಅದರಂತೆಯೇ ಇರುವ ಕಾರ್ನಿಯಾರಿಕ್‌ನ ಹೊಟ್ಟೆಯಲ್ಲಿ ಖೀಮಾ ಇರುತ್ತದೆ. ಬೀದಿಯ ಚೀ ಕೊಫ್ತೆ ಹೆಸರಿಗಷ್ಟೇ ಹಸಿ ಮಾಂಸ. ಅಂಗಡಿಗಳಲ್ಲಿ ಮಾರುವುದು ನುಚ್ಚುಗೋಧಿ, ಟೊಮೆಟೊ ಪೇಸ್ಟ್, ಇಸೋತ್ ಮೆಣಸಿನಪುಡಿ ನಾದಿದ್ದು. ದಾಳಿಂಬೆ ಹುಳಿ ಹಿಂಡಿ ಲವಾಶ್‌ನಲ್ಲಿ ಸುತ್ತಿಸಿಕೊಳ್ಳಿ, ನಮ್ಮ ನಾಲಿಗೆಗೆ ಸಾಕಷ್ಟು ಖಾರ. ಮಾಂಸ ತಿಂದರೂ ದನದ್ದು ಬೇಡ ಎನ್ನುವವರು 'ದಾನಾ', 'ಸಿಯಿರ್' ಎರಡನ್ನೂ ಬಿಡಬೇಕು. 'ಕುಜು' ಕುರಿಮರಿ, 'ತಾವುಕ್' ಕೋಳಿ. ಬರೀ 'ಎತ್ ಡೋನರ್' ಅಥವಾ 'ಕಿಯ್ಮಾ' ಅಂತಿದ್ದರೆ ದನದ್ದೆಂದೇ ತಿಳಿಯಿರಿ.

ಹಾಗಾದರೆ ಎಲ್ಲಿ ಉಣ್ಣುವುದು? ಎಸ್ನಾಫ್ ಲೊಕಾಂತಾಸಿ ಹುಡುಕಿ. ಅಂಗಡಿಯವರು, ಕೂಲಿಯವರು ಮಧ್ಯಾಹ್ನ ಉಣ್ಣುವ ಜಾಗ, ನಮ್ಮ ಖಾನಾವಳಿಯ ಹಾಗೆ. ಅಡುಗೆ ಗಾಜಿನ ಹಿಂದೆ ತಟ್ಟೆಗಳಲ್ಲಿ ಬಿಸಿಯಾಗಿ ಕಾಣುತ್ತಿರುತ್ತದೆ. ಬೆರಳು ತೋರಿಸಿ, ದರ ಕೇಳಿ, ಹಾಕಿಸಿಕೊಳ್ಳಿ. ಬ್ರೆಡ್ಡಿಗೆ ಸಾಮಾನ್ಯವಾಗಿ ದುಡ್ಡಿಲ್ಲ, ನೀರಿಗಿದೆ. ಹನ್ನೆರಡರಿಂದ ಎರಡರೊಳಗೆ ಹೋಗಬೇಕು, ಮೂರರ ಮೇಲೆ ತಟ್ಟೆಗಳು ಖಾಲಿ. ರಂಜಾನ್ ತಿಂಗಳಲ್ಲಿ ಹಳೆಯ ನಗರದ ಫಾತಿಹ್ ಕಡೆ ಇಂಥ ಎಷ್ಟೋ ಜಾಗಗಳು ಹಗಲಿಡೀ ಮುಚ್ಚಿರುತ್ತವೆ.

ಎಮಿನೋನುವಿನಿಂದ ಫೆರಿ ಹತ್ತಿದರೆ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಕಾದಿಕೊಯ್, ಅಲ್ಲಿನ ಮಾರುಕಟ್ಟೆಯ ಗಲ್ಲಿಗಳಲ್ಲಿ ಕೈ ಹಿಡಿದು ಎಳೆಯುವವರು ಕಡಿಮೆ. ಬೊಜ್‌ದೊಗಾನ್ ಮೇಲ್ಗಾಲುವೆಯ ಪಕ್ಕದ ಕಾದಿನ್‌ಲಾರ್ ಪಜಾರಿಯಲ್ಲಿ ಸೀರ್ತ್ ಕಡೆಯವರ ಬುರ್ಯಾನ್ ಸಿಗುತ್ತದೆ, ಗುಂಡಿಯೊಳಗೆ ನೇತುಹಾಕಿ ಬೇಯಿಸಿದ ಕುರಿಮಾಂಸ. ಬೀನ್ಸ್ ಸಾರಿಗೆ ಸುಲೇಮಾನಿಯೆ ಮಸೀದಿಯ ಎದುರಿನ ಸಾಲಂಗಡಿಗಳು. ಶುಕ್ರವಾರ ನಮಾಜ್ ಮುಗಿದ ಮೇಲೆ ಅಲ್ಲಿ ಕೂರಲು ಜಾಗ ಸಿಗುವುದು ಕಷ್ಟ, ಹನ್ನೆರಡಕ್ಕೆ ಮುಂಚೆಯೇ ಹೋಗಿಬಿಡಿ.